ಬಾಗಿಲು ಅಡ್ಡಗಟ್ಟಿದ ಸೋದರತ್ತೆ

ಕಂಪಲಾಪುರದ ಚಿಕ್ಕಸಿದ್ದಮ್ಮನಿಗೆ ಮರೆವು ಎಂಬುದೇ ಇರಲಿಲ್ಲ. ನಮ್ಮಂಥವರು ಕನ್ನಡಕವನ್ನು ಹಣೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇವೆ. ಆಕೆಗೋ, ಮದುವೆಯಾಗಿ ಬಂದ ವರ್ಷ ಯಾವುದೋ ಬೀಗರೂಟದಲ್ಲಿ ತನ್ನ ಎಲೆಗೆ ಬರೀ ಮೂಳೆ ಹಾಕಿ ಮುಂದೆ ಹೋದವನ ಮುಖವೂ ನೆನಪಿತ್ತು. ಅವನು ತೀರಿಕೊಂಡಾಗ ಮಣ್ಣಿಗೆ ಹೋಗಿ ಬಂದು, "ಒಳ್ಳೆ ಮನ್ಸ ಕಣವ್ವ, ಬಡಿಸೋ ಕೈ ಒಂದು ಸರಿಯಿರ್ನಿಲ್ಲ" ಎಂದಿದ್ದಳು. ಕೈ ತೋರಿಸಿದರೂ ನಿಲ್ಲಿಸದೆ ಹೋದ ಹುಣಸೂರಿನ ಬಸ್ಸೊಂದನ್ನು ಆಕೆ ಆಮೇಲೆ ಹತ್ತಿದ್ದೇ ಇಲ್ಲ. ಆ ಬಸ್ಸಿನ ಡ್ರೈವರು ಬದಲಾದ, ಮಾಲೀಕನೂ ಬದಲಾದ, ಸಿಟ್ಟು ಮಾತ್ರ ಬದಲಾಗಲಿಲ್ಲ.

ಹಾಗೆಂದು ಕೆಟ್ಟ ಹೆಂಗಸೇನಲ್ಲ. ಗಂಡ ಬೇಗ ಹೋದ ಮೇಲೆ ಮಗ ಮಾದೇಶನನ್ನು ಬೆಳೆಸಿ, ಸುಧಾ ಎಂಬ ಸಾಧು ಸೊಸೆಯನ್ನು ತಂದುಕೊಂಡು ಬಾಳು ನಡೆಸಿದವಳು. ಹೊಗೆಸೊಪ್ಪಿನ ಕಾಲ ಬಂತೆಂದರೆ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುವುದರಲ್ಲಿ ಆಕೆಯನ್ನು ಮೀರಿಸುವವರು ಸುತ್ತಿನಲ್ಲಿ ಯಾರೂ ಇರಲಿಲ್ಲ. ಬಾಯಿ ಊರಿನವರ ಕತೆಗಳನ್ನು ಕಟ್ಟುತ್ತಿದ್ದರೆ ಕೈ ಎಲೆ ಕಟ್ಟುತ್ತಿತ್ತು. ಎರಡಕ್ಕೂ ಗಂಟು ಸಡಿಲವಾದದ್ದಿಲ್ಲ.

ಆಕೆಯ ತವರು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಅಲ್ಲಿ ತಮ್ಮನೊಬ್ಬನಿದ್ದಾನೆ. ಹೆಸರು ಅಣ್ಣಯ್ಯ, ಆದರೂ ತಮ್ಮ. ಅಣ್ಣಯ್ಯನಿಗೆ ಎರಡು ಗಂಡುಮಕ್ಕಳು, ಹೆಣ್ಣಿಲ್ಲ. ಆ ಮನೆಯಲ್ಲಿ ಒಂದು ಪದ್ಧತಿ. ಮದುವೆ ಮುಗಿಸಿ ಗಂಡುಹೆಣ್ಣು ಮನೆ ತುಂಬಲು ಬಂದಾಗ ಗಂಡಿನ ಅಕ್ಕನೋ ತಂಗಿಯೋ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಲ್ಲಬೇಕು. "ನಿನಗೆ ಹುಟ್ಟೋ ಹೆಣ್ಣನ್ನ ನನ್ನ ಮನೆಗೆ ಕೊಡ್ತೀನಿ ಅನ್ನು, ದಾರಿ ಬುಡ್ತೀನಿ" ಎನ್ನಬೇಕು. ಮದುಮಗ ಹೂಂ ಎಂದ ಮೇಲೇ ಕೈ ಇಳಿಯುವುದು. ಒಡಹುಟ್ಟಿದವಳು ಇಲ್ಲದಿದ್ದರೆ ಆ ಜಾಗ ಸೋದರತ್ತೆಯದು, ಎಂದರೆ ಅಪ್ಪನ ಅಕ್ಕನದೋ ತಂಗಿಯದೋ. ಅಣ್ಣಯ್ಯನ ಮದುವೆಯಲ್ಲಿ ಚಿಕ್ಕಸಿದ್ದಮ್ಮ ಹಾಗೆ ನಿಂತು, ಹೊಸ ಮದುವಣಗಿತ್ತಿ ಸುನಂದಮ್ಮನನ್ನು ಬಿಸಿಲಲ್ಲಿ ಸಾಕಷ್ಟು ಹೊತ್ತು ನಿಲ್ಲಿಸಿದ್ದಳು. ಸುನಂದಮ್ಮನಿಗೂ ನೆನಪಿನ ಶಕ್ತಿ ಕಮ್ಮಿ ಇರಲಿಲ್ಲ ಎನ್ನುವುದು ಆಗ ಗೊತ್ತಾಗಲಿಲ್ಲ.

ಎರಡು ಸಾವಿರದ ಐದರ ಹೊಗೆಸೊಪ್ಪಿನ ಕಾಲದಲ್ಲಿ, ಎಲೆ ಕಟ್ಟುತ್ತ ಕಟ್ಟುತ್ತ ಚಿಕ್ಕಸಿದ್ದಮ್ಮನ ಬಲಗೈಯಿಂದ ಕಡ್ಡಿ ಜಾರಿತು. ಲಕ್ವ. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಜೀವ ಉಳಿದಿತ್ತು, ನಾಲಿಗೆಯೂ ಉಳಿದಿತ್ತು. ಬಲಗಾಲು ಎಳೆಯುತ್ತಿತ್ತು. ಬಲಗೈ ಮಡಚಿ ಎದೆಗೆ ಅಂಟಿಕೊಂಡು, ಬೆರಳುಗಳು ಮುಷ್ಟಿ ಕಟ್ಟಿದ್ದವು.

ಮುಂದಿನ ಬೇಸಿಗೆಯಲ್ಲಿ ಅಣ್ಣಯ್ಯನ ಹಿರಿಮಗನ ಮದುವೆ. ಬಾಗಿಲು ಅಡ್ಡಗಟ್ಟುವ ಹೊತ್ತಿಗೆ ಚಿಕ್ಕಸಿದ್ದಮ್ಮ ಸೊಸೆಯ ಭುಜ ಹಿಡಿದು ಎದ್ದಳು. ಸುನಂದಮ್ಮ ಅಂಗಳದ ತುಂಬ ಕೇಳುವ ಹಾಗೆ ಹೇಳಿದಳು:

"ನಿಂತ್ಕೊಳಕ್ಕೇ ಆಗದವರು ಅಡ್ಡ ಎಲ್ಲಿ ಗಟ್ಟಾರು? ಸುಮ್ನೆ ಕೂತ್ಕಳಿ ಅಕ್ಕ. ಒಳ್ಳೆ ಹೊತ್ನಲ್ಲಿ ಬಾಗ್ಲಲ್ಲಿ ಬಿದ್ದುಗಿದ್ದೀರಿ."

ತನ್ನ ತಂಗಿಯ ಮಗಳು ರಾಣಿಯನ್ನು ಕರೆದು ಬಾಗಿಲಿಗೆ ನಿಲ್ಲಿಸಿದಳು. ಚಿಕ್ಕಮ್ಮನ ಮಗಳೂ ತಂಗಿಯೇ ಅಲ್ಲವೇ ಎಂಬುದು ಆಕೆಯ ವಾದ. ಚಿಕ್ಕಸಿದ್ದಮ್ಮನಿಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂತು. ಅದನ್ನು ಹಾಕಿದ್ದು ಕೊಟ್ಟಿಗೆಯ ಪಕ್ಕ. ಅಲ್ಲಿಂದ ಬಾಗಿಲು ಕಾಣುತ್ತಿರಲಿಲ್ಲ, ಎಮ್ಮೆ ಕಾಣುತ್ತಿತ್ತು. ಅಣ್ಣಯ್ಯ ಎಲ್ಲವನ್ನೂ ನೋಡಿ, ಏನನ್ನೂ ನೋಡದವನಂತೆ ಚಪ್ಪರದ ಕಂಬವನ್ನು ಪರೀಕ್ಷೆ ಮಾಡುತ್ತ ನಿಂತುಬಿಟ್ಟ.

ಎಮ್ಮೆಯ ಮುಖ ನೋಡುತ್ತಲೇ ಚಿಕ್ಕಸಿದ್ದಮ್ಮ ತೀರ್ಮಾನ ಮಾಡಿದಳು. ಅಣ್ಣಯ್ಯನ ಕಿರಿಮಗ ವಸಂತನ ಮದುವೆ ಇನ್ನೂ ಬಾಕಿ ಇದೆ.

ಹುಣಸೂರಿನ ಬಜಾರಿನ ಹಿಂದಿನ ಬೀದಿಯಲ್ಲಿ ಪೀರ್ ಸಾಬರ ಮರಗೆಲಸದ ಅಂಗಡಿ. ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ಅವರ ಮಗಳು ಇಕ್ರಾ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟಿದ್ದಳು. ಮೈಸೂರಿನಲ್ಲಿ ಓದಿ ಬಂದವಳು. ಅತ್ತ ಉಳಿ ಸುತ್ತಿಗೆ, ಇತ್ತ "ಇನ್ನೊಂದ್ಸಲ ಎತ್ತಿ, ಇನ್ನೊಂದ್ಸಲ." ಹೋದವರಿಗೆ ಯಾವ ಕಡೆ ರಿಪೇರಿ ನಡೆಯುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಮದುವೆಯಿಂದ ಬಂದ ವಾರವೇ ಮಾದೇಶ ಅವ್ವನನ್ನು ಅಲ್ಲಿಗೆ ಕರೆತಂದ.

ಚಿಕ್ಕಸಿದ್ದಮ್ಮ ಅಂದುಕೊಂಡಿದ್ದು ಕೈಕಾಲು ತಿಕ್ಕಿ ಕಳಿಸುತ್ತಾರೆ ಎಂದು. ಈ ಹುಡುಗಿಯೋ ಒಂದು ದೊಡ್ಡ ಹಾಳೆ ಮುಂದಿಟ್ಟುಕೊಂಡು ಪ್ರಶ್ನೆ ಶುರು ಮಾಡಿದಳು. ಮನೆಯಲ್ಲಿ ಎಷ್ಟು ಮೆಟ್ಟಿಲು, ಸ್ನಾನ ಯಾರು ಮಾಡಿಸುತ್ತಾರೆ, ಸೀರೆ ಯಾರು ಉಡಿಸುತ್ತಾರೆ, ಊರಲ್ಲಿ ಯಾರ ಮನೆಗೆ ಹೋಗುತ್ತೀರಿ, ಯಾರು ಬರುತ್ತಾರೆ.

"ಇದೇನು ತಾಯಿ, ಹೆಣ್ಣು ಕೇಳಕ್ಕೆ ಬಂದಿದ್ದೀಯಾ?"

"ಇಲ್ಲಮ್ಮ. ಐಸಿಎಫ್ ಅಂತ ಒಂದು ಪದ್ಧತಿ ಇದೆ. ಪ್ರಪಂಚಕ್ಕೆಲ್ಲ ಒಂದೇ. ಕೈ ಎಷ್ಟು ಬಗ್ಗುತ್ತೆ, ಕಾಲು ಎಷ್ಟು ಎದ್ದೇಳುತ್ತೆ ಅಂತ ಅಷ್ಟೇ ನೋಡಿದ್ರೆ ಸಾಲದು. ಆ ಕೈಕಾಲಲ್ಲಿ ನೀವು ಏನು ಕೆಲಸ ಮಾಡ್ತೀರಿ, ನಾಲ್ಕು ಜನರ ನಡುವೆ ಏನಕ್ಕೆ ಸೇರ್ಕೋತೀರಿ, ಸುತ್ತಮುತ್ತ ಏನು ಅಡ್ಡಿ, ಏನು ಆಸರೆ, ಎಲ್ಲ ನೋಡ್ಬೇಕು."

"ಪ್ರಪಂಚಕ್ಕೆಲ್ಲ ಒಂದೇ ಅಂದ್ರೆ, ಕಟ್ಟೆಮಳಲವಾಡಿಗೂ ಅದೇಯಾ?"

"ಅಲ್ಲಿಗೂ ಅದೇ."

"ಅಂಗಾದ್ರೆ ಬರಕೊ. ನಂಗೆ ಅಡ್ಡಿ ನನ್ನ ತಮ್ಮನ ಹೆಂಡ್ರು. ಹೆಸ್ರು ಸುನಂದ."

ಇಕ್ರಾ ನಗಲಿಲ್ಲ. ಅಂಥದ್ದಕ್ಕೂ ಅದರಲ್ಲಿ ಜಾಗವಿತ್ತು. ನೆಂಟರಿಷ್ಟರ ಮನೋಭಾವ ಎಂಬ ಹೆಸರಿನಲ್ಲಿ, ಅಡ್ಡಿ ಸ್ವಲ್ಪವೋ ಪೂರ್ತಿಯೋ ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕಿ ಹಾಕಬೇಕು.

"ಎಷ್ಟು ಹಾಕ್ಲಿ ಅಮ್ಮ?"

"ನಾಕರ ಮ್ಯಾಕೆ ಇಲ್ವಾ?"

"ನಾಲ್ಕೇ ಕೊನೆ."

"ಇದ ಮಾಡಿದೋರು ಸುನಂದನ್ನ ನೋಡಿಲ್ಲ. ಸರಿ, ನಾಕೇ ಹಾಕು."

ಕೊನೆಗೆ ಮುಖ್ಯ ಪ್ರಶ್ನೆ ಬಂತು. ವಾಸಿಯಾದ ಮೇಲೆ ನೀವು ಏನು ಮಾಡಬೇಕು ಅಂತ ಆಸೆ? ಹೆಚ್ಚಿನವರು "ಮೊದ್ಲಿನಂಗೆ ಆಗ್ಬೇಕು" ಎಂದು ಹೇಳಿ ಇಕ್ರಾಳನ್ನು ಕಷ್ಟಕ್ಕೆ ಸಿಕ್ಕಿಸುತ್ತಿದ್ದರು. ಚಿಕ್ಕಸಿದ್ದಮ್ಮನಿಗೆ ಯೋಚನೆಯೇ ಬೇಕಾಗಲಿಲ್ಲ.

"ನಮ್ಮ ತವರು ಮನೆ ಬಾಗ್ಲಲ್ಲಿ ಕೈ ಅಡ್ಡ ಇಟ್ಟು ನಿಂತ್ಕಬೇಕು. ಈ ಬಲಗೈನೇ. ಅವಳು ಆಚೆ ಇರ್ಬೇಕು, ನಾನು ಈಚೆ ಇರ್ಬೇಕು. ಅವಳ ಬಾಯಿಂದ್ಲೇ 'ಅಡ್ಡ ಗಟ್ಟಿದ್ದೀರ ಅಕ್ಕ, ದಾರಿ ಬುಡಿ' ಅನ್ನಿಸ್ಬೇಕು. ಆಮ್ಯಾಲೆ ನಾನು ಸತ್ರೂ ಸರಿ."

"ಸಾಯೋದನ್ನ ಗುರಿ ಅಂತ ಬರೆಯೋ ಹಾಗಿಲ್ಲ ಅಮ್ಮ. ನಿಲ್ಲೋದನ್ನ ಬರೀತೀನಿ" ಎಂದಳು ಇಕ್ರಾ.

ಮಾರನೆಯ ದಿನ ಆಕೆ ತಂದೆಯ ಮುಂದೆ ಹೋಗಿ ಒಂದು ಬಾಗಿಲವಾಡ ಬೇಕೆಂದು ಕೇಳಿದಳು. ಹೊಸ್ತಿಲು, ಎರಡು ನಿಲುವು, ಮೇಲಿನ ಪಟ್ಟಿ. ಬಾಗಿಲೂ ಬೇಡ, ಗೋಡೆಯೂ ಬೇಡ. ಪೀರ್ ಸಾಬರು ಜೀವಮಾನದಲ್ಲಿ ಗೋಡೆಯಿಲ್ಲದ ಬಾಗಿಲನ್ನು ಮಾಡಿರಲಿಲ್ಲ. "ಬೇಟಿ, ಕಾಲೇಜಲ್ಲಿ ಇದನ್ನೇ ಓದಿಸಿದ್ರಾ?" ಎಂದರು. ಆದರೂ ಮಾಡಿಕೊಟ್ಟರು. ಅದನ್ನು ಕ್ಲಿನಿಕ್ಕಿನ ನಡುಮಧ್ಯೆ ನಿಲ್ಲಿಸಿದ ಮೇಲೆ, ಬೆನ್ನುನೋವಿನವರೂ ಮಂಡಿನೋವಿನವರೂ ಅದನ್ನು ಸುತ್ತಿಕೊಂಡು ಓಡಾಡತೊಡಗಿದರು.

ಚಿಕ್ಕಸಿದ್ದಮ್ಮನ ತಾಲೀಮು ಅದರಲ್ಲೇ. ಹೊಸ್ತಿಲಿನ ಒಳಗೆ ನಿಂತು, ಸೊಟ್ಟ ಕೈಯನ್ನು ಮೆಲ್ಲಗೆ ಬಿಡಿಸಿ, ಬೆರಳುಗಳನ್ನು ನಿಲುವಿನ ಸುತ್ತ ಕೂರಿಸಿ, ಆ ಕೈಯ ಮೇಲೇ ಮೈಭಾರ ಹಾಕಬೇಕು. ಮೊದಮೊದಲು ಕಾಲು ನಡುಗುತ್ತಿತ್ತು, ಬೆವರು ಕಿತ್ತುಕೊಂಡು ಬರುತ್ತಿತ್ತು. ಇಕ್ರಾ "ಸಾಕು, ಕೂತ್ಕೊಳಿ" ಎಂದರೆ ಕೂರುತ್ತಿರಲಿಲ್ಲ. ಎದುರಿಗೆ ಸುನಂದಮ್ಮ ನಿಂತಿದ್ದಾಳೆ ಎಂದು ಭಾವಿಸಿಕೊಂಡು ಹಲ್ಲು ಕಚ್ಚುತ್ತಿದ್ದಳು. ಯಾವಾಗಲಾದರೂ ಬೇಸರವಾಗಿ "ಇವತ್ತು ಬ್ಯಾಡ ತಾಯಿ" ಎಂದರೆ, ಮದುವೆಯ ಕತೆಯೆಲ್ಲ ಕೇಳಿದ್ದ ಇಕ್ರಾ ಮೆಲ್ಲಗೆ "ಎಮ್ಮೆ ಚೆನ್ನಾಗಿತ್ತಾ ಅಮ್ಮ?" ಎನ್ನುತ್ತಿದ್ದಳು. ಅಷ್ಟಕ್ಕೆ ಆಕೆ ಎದ್ದು ನಿಲ್ಲುತ್ತಿದ್ದಳು.

ನಿಲುವು ಹಿಡಿದ ಕೈ ಬಿಡಿಸುವುದು ಇನ್ನೊಂದು ಪಾಠ. ಹಿಡಿದದ್ದನ್ನು ಆ ಕೈ ಸುಲಭಕ್ಕೆ ಬಿಡುತ್ತಿರಲಿಲ್ಲ. ಇಕ್ರಾ ಸೊಸೆ ಸುಧಾಳಿಗೆ ಹೇಳಿಕೊಟ್ಟಳು: "ಬೆರಳನ್ನ ಎಳೀಬೇಡಿ, ಎಳೆದಷ್ಟೂ ಬಿಗಿಯುತ್ತೆ. ಮಣಿಕಟ್ಟು ಒಳಕ್ಕೆ ಬಗ್ಗಿಸಿ, ಹೆಬ್ಬೆರಳನ್ನ ಮೆತ್ತಗೆ ಹೊರಕ್ಕೆ ತಗೊಂಡು, ಹಾಗೇ ಹಿಡ್ಕೊಂಡು ಕಾಯಿರಿ. ತಾನಾಗೇ ಸಡಿಲ ಆಗುತ್ತೆ." ಬರುಬರುತ್ತ ಚಿಕ್ಕಸಿದ್ದಮ್ಮ ಅದನ್ನು ತಾನೇ ಬಿಡಿಸಿಕೊಳ್ಳುವಷ್ಟು ಆದಳು.

ಕ್ಲಿನಿಕ್ಕಿನಲ್ಲಿ ಇಷ್ಟೆಲ್ಲ ಮಾಡುವವಳು ಮನೆಯಲ್ಲಿ ಮಾತ್ರ ಏನೂ ಮಾಡುತ್ತಿರಲಿಲ್ಲ ಎಂದು ಸುಧಾ ಒಂದು ದಿನ ಮೆಲ್ಲಗೆ ಚಾಡಿ ಹೇಳಿದಳು. ಲೋಟ ಎತ್ತಿಕೊಡುವುದೂ ಸೊಸೆಯೇ, ಸೆರಗು ಸರಿಮಾಡುವುದೂ ಸೊಸೆಯೇ. ಇಕ್ರಾ ಹಾಳೆ ತಿರುಗಿಸಿ ತೋರಿಸಿದಳು.

"ನೋಡಿ ಅಮ್ಮ, ಇಲ್ಲಿ ಎರಡು ಸಾಲು ಇದೆ. ಒಂದು, ನೀವು ಏನು ಮಾಡಬಲ್ಲಿರಿ. ಇನ್ನೊಂದು, ನಿಮ್ಮ ಮನೇಲಿ, ನಿಮ್ಮ ಜನರ ನಡುವೆ, ನೀವು ಏನು ಮಾಡ್ತಾ ಇದ್ದೀರಿ. ಎರಡೂ ಬೇರೆ ಬೇರೆ. ಮಾಡಬಲ್ಲಿರಿ, ಆದ್ರೆ ಮಾಡ್ತಾ ಇಲ್ಲ."

"ಸೊಸೆ ಇದ್ದಾಳಲ್ಲ ತಾಯಿ. ಅವಳ್ಗೂ ಒಂದು ಕೆಲ್ಸ ಬ್ಯಾಡ್ವಾ?" ಎಂದಳು ಚಿಕ್ಕಸಿದ್ದಮ್ಮ. ಆದರೆ ಆ ಎರಡು ಸಾಲಿನ ಮಾತು ಆಕೆಯ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಇನ್ನೊಂದು ದಿನ ಜಗಳವೇ ಆಯಿತು. ಇಕ್ರಾ ಬಾಯಿತಪ್ಪಿ, ಸುನಂದಮ್ಮನ ಹೆಸರನ್ನು ಆಸರೆಯ ಕಡೆಗೂ ಬರೆದಿದ್ದೇನೆ ಎಂದುಬಿಟ್ಟಳು. ಒಂದೇ ಸಂಗತಿ ಒಬ್ಬರಿಗೆ ಅಡ್ಡಿಯೂ ಆಗಬಹುದು, ಆಸರೆಯೂ ಆಗಬಹುದು. ಆಕೆಯ ಮೇಲಿನ ಸಿಟ್ಟಿಲ್ಲದಿದ್ದರೆ ನೀವು ಇಷ್ಟು ಬೇಗ ನಿಲ್ಲುತ್ತಿದ್ದಿರಾ ಎಂದು ಕೇಳಿದಳು.

"ಅದನ್ನ ಹೊಡೆದಾಕು" ಎಂದಳು ಚಿಕ್ಕಸಿದ್ದಮ್ಮ. "ಅವಳಿಂದ ನಂಗೆ ಒಳ್ಳೇದಾಯ್ತು ಅಂತ ಎಲ್ಲಾದ್ರೂ ಬರೆದಿದ್ರೆ ನಾನು ಈ ಅಂಗ್ಡಿ ಮೆಟ್ಲು ಹತ್ತಕಿಲ್ಲ."

"ಹೊಡೆದು ಹಾಕು ಬೇಟಿ" ಎಂದರು ಚಹಾ ತಂದಿದ್ದ ಪೀರ್ ಸಾಬರು. "ಇಷ್ಟು ಗಟ್ಟಿ ಬಾಗಿಲವಾಡ ಮಾಡಿದ್ದೀನಿ, ಬೇರೆ ಯಾರು ನಿಲ್ತಾರೆ ಅದರಲ್ಲಿ?" ಇಕ್ರಾ ಹೊಡೆದುಹಾಕಿದಳು. ಪೆನ್ಸಿಲ್ಲಿನಲ್ಲಿ.

ಮುಂದಿನ ಬೇಸಿಗೆಗೆ ವಸಂತನ ಮದುವೆ ಗೊತ್ತಾಯಿತು. ಕರೆಯಲು ಬಂದ ಅಣ್ಣಯ್ಯ, ಅಕ್ಕ ಗೋಡೆ ಹಿಡಿಯದೆ ನಡೆದು ಬಂದದ್ದನ್ನು ನೋಡಿ ಸಂತೋಷಪಟ್ಟ. ಆಮೇಲೆ ತಲೆ ಕೆರೆದುಕೊಂಡ.

"ಅಕ್ಕಯ್ಯ, ಬಾಗ್ಲು ಶಾಸ್ತ್ರಕ್ಕೆ ರಾಣಿನೇ ಅಂತ ಅವಳು ಅಂದ್ಬುಟ್ಟವಳೆ. ನೀನು ಬೇಜಾರು ಮಾಡ್ಕಬ್ಯಾಡ ಕಣೆ."

"ನಾನ್ಯಾಕೆ ಮಾಡ್ಕಳ್ಳಿ ಬುಡು" ಎಂದಳು ಚಿಕ್ಕಸಿದ್ದಮ್ಮ, ತುಂಬ ಮೆತ್ತಗೆ. ಅವ್ವ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಕೇಳಿ ಒಳಗಿದ್ದ ಮಾದೇಶ ಎದ್ದು ಬಂದು ಆಕೆಯ ಮುಖ ನೋಡಿ ಹೋದ.

ಹುಣಸೂರಿನ ಛತ್ರದಲ್ಲಿ ಮದುವೆ. ಚಿಕ್ಕಸಿದ್ದಮ್ಮ ಮುಹೂರ್ತಕ್ಕೆ ಅಕ್ಷತೆ ಹಾಕಿದಳು, ಊಟಕ್ಕೆ ಮಾತ್ರ ನಿಲ್ಲಲಿಲ್ಲ. ಊಟದ ಪಂಕ್ತಿಗೆ ಎಲ್ಲರೂ ನುಗ್ಗುವ ಹೊತ್ತಿನಲ್ಲಿ ಸುಧಾಳನ್ನು ಕರೆದುಕೊಂಡು ಆಟೋ ಹತ್ತಿದಳು. ಹೋಳಿಗೆಯ ಮೇಲೆ ಆಸೆಯಿದ್ದ ಸುಧಾ ಛತ್ರದ ಕಡೆ ತಿರುಗಿ ತಿರುಗಿ ನೋಡುತ್ತ ಕೂತಳು.

ಕಟ್ಟೆಮಳಲವಾಡಿಯ ಮನೆಯಲ್ಲಿ ಕಾವಲಿಗೆ ಇದ್ದವಳು ಪಕ್ಕದ ಮನೆಯ ಮುದುಕಿ ಸಣ್ಣತಾಯಮ್ಮ. "ಇದೇನವ್ವ, ಊಟ ಬುಟ್ಟು ಬಂದ್ಬುಟ್ಟೆ?" ಎಂದಳು.

"ಹಸಿವಿಲ್ಲ ಕಣತ್ತೆ. ತವರು ಮನೆ ಅಲ್ವಾ, ಒಸಿ ನಿಂತ್ಕಂಡು ಹೋಗವ ಅಂತ ಬಂದೆ."

"ನಿಂತ್ಕಳಕ್ಕೆ ಬಂದ್ಯಾ?" ಎಂದು ಸಣ್ಣತಾಯಮ್ಮ ಆಕೆಯ ಮುಖ ನೋಡಿದಳು. ಹಿಂದಿನ ಮದುವೆಯಲ್ಲಿ ಅವಳೂ ಇದ್ದಳು. ಇನ್ನೇನೂ ಕೇಳದೆ ಹೋಗಿ, ಎಲ್ಲವೂ ಚೆನ್ನಾಗಿ ಕಾಣುವ ಜಾಗ ನೋಡಿ ಜಗಲಿಯ ಮೇಲೆ ಕೂತಳು.

ವ್ಯಾನಿನ ಹಾರನ್ ಕೇಳಿದಾಗ ಚಿಕ್ಕಸಿದ್ದಮ್ಮ ಹೊಸ್ತಿಲಿನ ಒಳಗೆ ಕಾಲು ಅಗಲಿಸಿ ನಿಂತಳು. ಬಲಗೈಯನ್ನು ಬಿಡಿಸಿ ಎದುರಿನ ನಿಲುವಿಗೆ ಹಿಡಿಸಿದಳು. ಸುಧಾ ಹಿಂದಿನಿಂದ ಅತ್ತೆಯ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತಳು. ಮೊದಲು ಓಡಿ ಬಂದವಳು ಆರತಿ ತಟ್ಟೆ ಹಿಡಿದ ರಾಣಿ, ಒಳಗೆ ಹೋಗಿ ಅಡ್ಡಗಟ್ಟಬೇಕಾದವಳು. ಅಡ್ಡಗಟ್ಟುವವಳಿಗೇ ಅಡ್ಡ ಬಿದ್ದದ್ದನ್ನು ಕಂಡು ದಿಕ್ಕು ತೋಚದೆ ಹಿಂದೆ ತಿರುಗಿ, "ದೊಡ್ಡಮ್ಮಾ" ಎಂದಳು.

ಸುನಂದಮ್ಮ ಬಂದಳು. "ಅಕ್ಕ, ಯಾವಾಗ ಬಂದ್ರಿ? ಕೂತ್ಕಳಿ ಅಕ್ಕ, ಆಯಾಸ ಆಯ್ತದೆ."

"ನಂಗೆ ಆಯಾಸ ಆಗಕಿಲ್ಲ ಕಣವ್ವ. ವರ್ಸದಿಂದ ಇದೇ ಕೆಲ್ಸ ಮಾಡ್ತಾ ಇವ್ನಿ."

ವಸಂತ ನಗುತ್ತ ಮುಂದೆ ಬಂದ. "ಅತ್ತೆ, ಹುಟ್ಟೋ ಹೆಣ್ಣನ್ನೆಲ್ಲ ನಿನಗೇ ಕೊಡ್ತೀನಿ. ಹೆಂಗೂ ಮದುವೆ ಮಾಡೋ ಖರ್ಚು ಉಳೀತದೆ. ದಾರಿ ಬುಡತ್ತೆ." ಹೊಸ ಹೆಂಡತಿ ಮೊಣಕೈಯಿಂದ ಅವನಿಗೆ ತಿವಿದಳು.

"ನಿನ್ನ ಮಾತು ಆಯ್ತು ಮಗ. ನಿಮ್ಮವ್ವನ ಮಾತು ಬಾಕಿ ಅದೆ." ಚಿಕ್ಕಸಿದ್ದಮ್ಮ ಸುನಂದಮ್ಮನ ಕಡೆ ತಿರುಗಿದಳು. "ಹೋದ ಮದುವೇಲಿ ಏನಂದೆ? ನಿಂತ್ಕೊಳಕ್ಕೇ ಆಗದವರು ಅಡ್ಡ ಎಲ್ಲಿ ಗಟ್ಟಾರು ಅಂದೆ. ಅದೇ ಬಾಯಲ್ಲಿ, 'ಅಡ್ಡ ಗಟ್ಟಿದ್ದೀರ ಅಕ್ಕ, ದಾರಿ ಬುಡಿ' ಅನ್ನು. ಕೈ ಇಳೀತದೆ."

ಸುನಂದಮ್ಮನ ಮುಖ ಕೆಂಪಾಯಿತು. "ನಾನು ಅನ್ನಕಿಲ್ಲ."

"ಅನ್ಬ್ಯಾಡ. ನಿಂತ್ಕೊ."

ನಿಂತರು. ಬಿಸಿಲು ಅಂಗಳದ ಮೇಲೆ ಸುರಿಯುತ್ತಿತ್ತು. ಮದುಮಗಳ ಬಾಸಿಂಗ ಓರೆಯಾಯಿತು. ಬೀದಿಯವರು ಒಬ್ಬೊಬ್ಬರಾಗಿ ಬಂದು ಬೇಲಿಯ ಬಳಿ ಸೇರಿದರು. ಸಕ್ಕರೆ ಕಾಯಿಲೆಯ ಅಣ್ಣಯ್ಯ ಛತ್ರದಿಂದಲೂ ತಡೆದುಕೊಂಡು ಬಂದಿದ್ದವನು, ಬಚ್ಚಲಿನ ದಾರಿ ಅಕ್ಕನ ತೋಳಿನ ಆಚೆ ಇರುವುದನ್ನು ನೋಡಿ, ಹುಲ್ಲಿನ ಮೆದೆಯ ಹಿಂದಕ್ಕೆ ನಡೆದ. ಬಂದವನು ಹೆಂಡತಿಯ ಕಿವಿಯಲ್ಲಿ, "ರಾಹುಕಾಲ ಬತ್ತಾ ಅದೆ. ಅಂದ್ಬುಡೆ, ಒಂದು ಮಾತು ತಾನೆ" ಎಂದ.

"ನೀವು ಸುಮ್ಕಿರಿ. ಅವರ ಕಾಲು ಎಷ್ಟೊತ್ತು ತಡೀತದೋ ನಾನೂ ನೋಡ್ತೀನಿ."

ತಡೆಯದಿದ್ದದ್ದು ಸುನಂದಮ್ಮನ ಕಾಲು. ಚಪ್ಪರದ ದಿನದಿಂದ ಕೂತಿರದ ಮಂಡಿಗಳು ನಡುಗತೊಡಗಿದವು. ಆಕೆ ಕಂಬ ಹಿಡಿದಳು. ಕಂಬವೂ ಸಾಲದೆ ಸುತ್ತ ನೋಡಿದಳು. ಈ ಘಳಿಗೆಗಾಗಿಯೇ ವರ್ಷವಿಡೀ ಬೆವರು ಸುರಿಸಿದ ಚಿಕ್ಕಸಿದ್ದಮ್ಮ, ಧ್ವನಿಯಲ್ಲಿ ಜೇನು ಸುರಿಸಿದಳು.

"ಪಾಪ, ಸುನಂದಂಗೆ ನಿಂತ್ಕೊಳಕ್ಕೆ ಆಯ್ತಾ ಇಲ್ಲ. ರಾಣಿ, ಆ ಕೆಂಪು ಕುರ್ಚಿ ತಂದಾಕವ್ವ. ಇಲ್ಲಿ ಬ್ಯಾಡ, ಕೊಟ್ಗೆ ತಾವ ಹಾಕು. ನೆಳ್ಳದೆ."

ಬೇಲಿಯ ಬಳಿ ಯಾರೋ ಕಿಸಕ್ಕೆಂದರು. ರಾಣಿ ಪಾಪದ ಹುಡುಗಿ, ಹೇಳಿದ ಜಾಗದಲ್ಲೇ ಕುರ್ಚಿ ಹಾಕಿದಳು. ಸುನಂದಮ್ಮ ಹೋಗಿ ಕೂತಳು. ಎಮ್ಮೆ ತಲೆಯೆತ್ತಿ ಆಕೆಯನ್ನು ನೋಡಿತು, ಆಕೆಯೂ ಎಮ್ಮೆಯನ್ನು ನೋಡಿದಳು. ಆಗ ಏನು ಅರ್ಥವಾಯಿತೋ, ಎದ್ದು ಕುಂಟುತ್ತ ಬಾಗಿಲಿಗೆ ಬಂದು, ನೆಲ ನೋಡುತ್ತ ಹೇಳಿದಳು:

"ಅಡ್ಡ ಗಟ್ಟಿದ್ದೀರ ಅಕ್ಕ. ದಾರಿ ಬುಡಿ."

"ಬೇಲಿ ತಾವ ಇರೋರ್ಗೆ ಕೇಳ್ನಿಲ್ವಂತೆ."

ಸುನಂದಮ್ಮ ಬೇಲಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು. ಕಣ್ಣಲ್ಲಿ ನೀರಿತ್ತು, ಅದರಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ.

"ಹೂಂ, ಹೋಗಿ ಒಳಕ್ಕೆ" ಎಂದಳು ಚಿಕ್ಕಸಿದ್ದಮ್ಮ. ಆದರೆ ತೋಳು ಇಳಿಯಲಿಲ್ಲ. ಆಕೆ ತನ್ನ ಕೈಯನ್ನೇ ಆಶ್ಚರ್ಯದಿಂದ ನೋಡಿದಳು. "ಅಯ್ಯೋ, ಬೆಳ್ಳು ಕಚ್ಕಂಡವೆ ಕಣ್ರವ್ವ. ಲಕ್ವದ ಕೈ. ನಾನೇನು ಮಾಡ್ಲಿ."

ಅಣ್ಣಯ್ಯ ಬಂದು ಬೆರಳು ಹಿಡಿದು ಎಳೆದ. ಅವು ಇನ್ನೂ ಬಿಗಿದವು. "ಎಳೀಬ್ಯಾಡಿ ಮಾವ" ಎಂದು ಸುಧಾ ಹಿಂದಿನಿಂದ ಕೂಗಿದಳು. "ಮಣಿಕಟ್ಟು ಬಗ್ಗಿಸಿ, ಹೆಬ್ಬೆಟ್ಟು ಮೆತ್ತಗೆ ಹಿಡ್ಕಂಡು ಕಾಯ್ಬೇಕು. ನಾನು ಬುಟ್ಟು ಬಂದ್ರೆ ಅತ್ತೆ ಬಿದ್ದೋಯ್ತಾರೆ. ಮೆತ್ತನೆ ಕೈ ಇರೋರು ಬರ್ಲಿ."

"ನಮ್ಮ ಸುನಂದಂದೇ ಮೆತ್ತನೆ ಕೈ" ಎಂದಳು ಚಿಕ್ಕಸಿದ್ದಮ್ಮ.

ಹಾಗಾಗಿ ಮಂಡಿ ನೋವಿನ ಸುನಂದಮ್ಮ, ಇಡೀ ಬೀದಿ ನೋಡುತ್ತಿರುವಾಗ, ನಾದಿನಿಯ ಸೊಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮಗುವನ್ನು ಮಲಗಿಸುವವಳಂತೆ ಸವರಿದಳು. ಒಂದು ಬೆರಳು ಸಡಿಲವಾದರೆ ಇನ್ನೊಂದು ಬಿಗಿಯುತ್ತಿತ್ತು. ಜಗಲಿಯಿಂದ ಸಣ್ಣತಾಯಮ್ಮ, "ಅವಸ್ರ ಬ್ಯಾಡ ಕಣೆ ಸುನಂದ, ಒಸಿ ಪ್ರೀತಿಯಿಂದ ತಿಕ್ಕು" ಎಂದು ಸಲಹೆ ಕೊಟ್ಟಳು. ರಾಹುಕಾಲ ಇನ್ನೇನು ಬಂದೇಬಿಟ್ಟಿತು ಎನ್ನುವಾಗ ಕೈ ಕಳಚಿತು. ಮದುಮಕ್ಕಳು ಓಡಿ ಒಳಗೆ ಬಿದ್ದರು.

ಮುಂದಿನ ವಾರ ಇಕ್ರಾ ಹಾಳೆ ತೆಗೆದಳು. ನಡೆದದ್ದೆಲ್ಲ ಸುಧಾಳ ಬಾಯಿಂದ ಆಗಲೇ ಕೇಳಿದ್ದಳು.

"ಅಮ್ಮ, ಹಿಡಿದದ್ದನ್ನ ಬಿಡೋದು ಕಷ್ಟ ಆಗ್ತಿದೆಯಂತೆ?"

ಚಿಕ್ಕಸಿದ್ದಮ್ಮ ಪೀರ್ ಸಾಬರ ಚಹಾದ ಲೋಟವನ್ನು ಬಲಗೈಯಲ್ಲೇ ಹಿಡಿದು, ಗುಟುಕರಿಸಿ, ಬೆಂಚಿನ ಮೇಲೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದಳು.

"ಮತ್ತೆ ಅವತ್ತು?"

"ಎರಡು ಸಾಲು ಅದೆ ಅಂದಿದ್ದೆಯಲ್ಲ ತಾಯಿ. ಮಾಡಬಲ್ಲಿರಾ ಅಂತ ಒಂದು, ಮನೇಲಿ ಮಾಡ್ತೀರಾ ಅಂತ ಒಂದು. ಮೊದಲ್ನೇದಕ್ಕೆ ಹೂಂ ಅಂತ ಬರಕೊ. ಎರಡ್ನೇದಕ್ಕೆ, ಎದುರಿಗೆ ಯಾರವರೆ ಅನ್ನೋದರ ಮ್ಯಾಲೆ ಅದೆ ಅಂತ ಬರಕೊ."

ಇಕ್ರಾ ಅದನ್ನು ಹಾಗೆಯೇ ಬರೆದುಕೊಂಡಳು. ಅಷ್ಟರಲ್ಲಿ ಪೀರ್ ಸಾಬರು ಒಳಗೆ ಬಂದು, "ಗುರಿ ಮುಟ್ಟಿ ಆಯ್ತಲ್ಲಮ್ಮ, ಈ ಬಾಗಿಲವಾಡ ತೆಗೀಲಾ? ಜನ ಎಡವ್ತಾರೆ" ಎಂದರು.

"ಇವತ್ತೊಂದಿನ ಇರ್ಲಿ ಸಾಬ್ರೆ. ನಮ್ಮ ಸುನಂದಂಗೆ ಅವತ್ತಿಂದ ಮಂಡಿ ಊದ್ಕಂಡದೆ. ಅಣ್ಣಯ್ಯ ಇಲ್ಲಿಗೇ ಕರ್ಕಂಡು ಬತ್ತಾವ್ನೆ."

ಹೊರಗೆ ಆಟೋ ನಿಂತ ಸದ್ದಾಯಿತು. ಚಿಕ್ಕಸಿದ್ದಮ್ಮ ಯಾರ ಸಹಾಯವೂ ಇಲ್ಲದೆ ಎದ್ದಳು. ನಡೆದು ಹೋಗಿ ಗೋಡೆಯಿಲ್ಲದ ಆ ಬಾಗಿಲಿನಲ್ಲಿ ನಿಂತು, ಬಲಗೈಯನ್ನು ನಿಲುವಿಗೆ ಇಟ್ಟಳು. ಗಂಡನ ತೋಳು ಹಿಡಿದು ಕುಂಟುತ್ತ ಬಂದ ಸುನಂದಮ್ಮ ಆಕೆಯನ್ನು ನೋಡಿದಳು. ಎಡಕ್ಕೂ ದಾರಿಯಿತ್ತು, ಬಲಕ್ಕೂ ದಾರಿಯಿತ್ತು. ಎಲ್ಲ ರೋಗಿಗಳೂ ಸುತ್ತಿಕೊಂಡೇ ಹೋಗುತ್ತಿದ್ದರು.

ಸುನಂದಮ್ಮ ಸುತ್ತಿಕೊಂಡು ಹೋಗಲಿಲ್ಲ. ಹೊಸ್ತಿಲಿನ ಮುಂದೆ ನಿಂತು, ಯಾರೂ ಕೇಳುವ ಮೊದಲೇ, "ದಾರಿ ಬುಡಿ ಅಕ್ಕ" ಎಂದಳು.